ಕೇಂದ್ರಸ್ಥಾನದಲ್ಲಿ ವಾಸವಿದ್ದವರು

ಸರಕಾರದಿಂದ ಯಾವುದೇ ಆದೇಶ ಬರಲಿ, ನಮ್ಮ ಹೆಡ್‌ಕ್ಲಾರ್ಕರು ಮೊದಲು ಓದುತ್ತಿದ್ದದ್ದು ಅದರ ಕೊನೆಯ ಪುಟ. ಕನ್ನಡಕವನ್ನು ಹಣೆಗೆ ಏರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಹೋಗುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕೇಳಿದೆ, "ಹಿಂಗ್ಯಾಕ್ ಓದ್ತೀರ್ರಿ?"

"ಮೊದಲ್ನೇ ಪುಟದಾಗ ಈ ನಿಯಮ ಎಲ್ಲಾರಿಗೂ ಅಂತ ಬರದಿರ್ತಾರವಾ. ಯಾರ್ಯಾರಿಗೆ ಅಲ್ಲ ಅನ್ನೂದು ಕಡೀ ಪುಟದಾಗ ಇರ್ತೈತಿ. ಅಲ್ಲಿ ನಮ್ಮ ಹೆಸರು ಇಲ್ಲಾಂದ್ರ ಮುಂದಿಂದು ಓದಬೇಕು. ಇದ್ರ ಚಾ ಕುಡೀಬೇಕು."

ಅವರು ಚಾ ಕುಡಿದದ್ದನ್ನು ನಾನು ನೋಡಲಿಲ್ಲ. ಆ ಪುಟದಲ್ಲಿ ಅವರ ಹೆಸರು ಎಂದೂ ಇರುತ್ತಿರಲಿಲ್ಲ.

ಹೋದ ವರ್ಷ ಅವರು ತೀರಿಕೊಂಡಾಗ, ಬ್ಯಾಡಗಿಯಲ್ಲಿ ಅವರ ಮನೆ ಮುಂದಿನ ಪೆಂಡಾಲಿನಲ್ಲಿ, ಅವರ ಬಗ್ಗೆ ನಾಲ್ಕು ಮಾತಾಡಿ ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ಶಿಸ್ತು, ಪ್ರಾಮಾಣಿಕತೆ, ಕರ್ತವ್ಯನಿಷ್ಠೆ" ಎಂದು ಮೂರು ಶಬ್ದ ಹೇಳಿ ಕೂತುಬಿಟ್ಟೆ. ಅವರು ಕೇಳಿಸಿಕೊಂಡಿದ್ದರೆ "ಯಾರ ಬಗ್ಗೆ ಹೇಳಾಕತ್ತೀಯವಾ?" ಎಂದು ತಿರುಗಿ ನೋಡುತ್ತಿದ್ದರು. ಹೇಳಬೇಕಾಗಿದ್ದದ್ದು ಬೇರೆ ಇತ್ತು. ಅಲ್ಲಿ ಅವರ ಸೊಸೆಯಂದಿರು ಅಳುತ್ತಿದ್ದರು, ನನಗೆ ನೆನಪಾಗುತ್ತಿದ್ದದ್ದೆಲ್ಲ ನಗುವಂಥದ್ದು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಇದು ಎರಡು ಸಾವಿರದ ಇಸವಿ ಆದಮೇಲಿನ ಮಾತು. ಹಾವೇರಿ ಜಿಲ್ಲೆಯಾಗಿ ಇನ್ನೂ ಬಹಳ ವರ್ಷ ಆಗಿರಲಿಲ್ಲ. ನಮ್ಮದು ಯಾವ ಇಲಾಖೆ ಎನ್ನುವುದು ಬೇಡ. ಬಾಡಿಗೆ ಕಟ್ಟಡ, ಕೆಳಗೆ ಸೈಕಲ್ ರಿಪೇರಿ, ಮೇಲೆ ನಾವು. ನಾನು ಎಲ್ಲರಿಗಿಂತ ಕಿರಿಯ ಗುಮಾಸ್ತೆ, ಇಪ್ಪತ್ನಾಲ್ಕು ವರ್ಷದವಳು. ದಿನಾ ರಾಣೇಬೆನ್ನೂರಿನಲ್ಲಿ ಪ್ಯಾಸೆಂಜರ್ ಗಾಡಿ ಹತ್ತುತ್ತಿದ್ದೆ, ಅವರು ಬ್ಯಾಡಗಿ ಸ್ಟೇಷನ್ನಿನಲ್ಲಿ ಹತ್ತುತ್ತಿದ್ದರು. ಆಫೀಸಿನವರೆಲ್ಲ ಅವರನ್ನು "ಹಿರೇರು" ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ.

ಬ್ಯಾಡಗಿ ಸ್ಟೇಷನ್ನು ಊರಿನಿಂದ ದೂರ. ಹಿರೇರು ಮನೆಯಿಂದ ಮೊಪೆಡ್ ಮೇಲೆ ಬಂದು, ಅದನ್ನು ಬೇವಿನ ಗಿಡಕ್ಕೆ ಸರಪಳಿ ಹಾಕಿ ಬಿಗಿದು ಗಾಡಿ ಹತ್ತುತ್ತಿದ್ದರು. ಒಮ್ಮೆ ಹೆಲ್ಮೆಟ್ ಕಡ್ಡಾಯ ಅಂತಾಯಿತು. ಎಲ್ಲರಂತೆ ಅವರೂ ಕೊಂಡರು, ಒಂದಿಷ್ಟು ದಿನ ಬೈಯುತ್ತಲೇ ಹಾಕಿಕೊಂಡರು. ಆಮೇಲೆ ಕಡ್ಡಾಯವಿಲ್ಲ ಅಂತಾಯಿತು. ಎಲ್ಲರೂ ಹೆಲ್ಮೆಟ್ಟನ್ನು ಅಟ್ಟಕ್ಕೆ ಎಸೆದರೆ ಹಿರೇರು ಮಾತ್ರ ಬಿಡದೆ ಹಾಕಿಕೊಂಡೇ ಬರತೊಡಗಿದರು.

"ನಿಯಮ ತಗದಾರಲ್ರಿ ಹಿರೇರಾ, ಇನ್ನೂ ಯಾಕ?" ಎಂದು ಕೇಳಿದರೆ, "ಅವಾಗ ತಲಿ ಸರ್ಕಾರದ್ದಿತ್ತು. ಈಗ ನಂದು" ಎಂದರು.

ಆಫೀಸಿನ ಗೋಡೆಯ ಮೇಲೆ ಮುಖ್ಯಮಂತ್ರಿಗಳ ಫೋಟೋ ಇತ್ತು. ಆ ವರ್ಷಗಳಲ್ಲಿ ಸರಕಾರಗಳು ಬೀಳುವುದೂ ಏಳುವುದೂ ಬಹಳ. ಪ್ರತಿ ಸಲ ಹೊಸ ಫೋಟೋ ಬಂದಾಗ ಹಿರೇರು ಸ್ಟೂಲಿನ ಮೇಲೆ ಹತ್ತಿ ಫ್ರೇಮು ಇಳಿಸಿ, ಹಳೆಯ ಫೋಟೋವನ್ನು ತೆಗೆಯದೆ ಅದರ ಮೇಲೇ ಹೊಸದನ್ನು ಸೇರಿಸಿ ಮೊಳೆ ಹೊಡೆಯುತ್ತಿದ್ದರು. ಹಿಂದಿನದನ್ನು ಎಸೆಯಬಾರದೇ ಎಂದೆ. "ಬ್ಯಾಡ. ತಿರುಗಿ ಬಂದ್ರೂ ಬಂದ್ರು. ಆವಾಗ ಎಲ್ಲಿ ಹುಡುಕೂಣು?" ಎಂದರು. ಕಟ್ಟಡ ಬಿಡುವ ಹೊತ್ತಿಗೆ ಆ ಫ್ರೇಮು ಒಂದು ಪುಸ್ತಕದಷ್ಟು ದಪ್ಪ ಆಗಿತ್ತು.

ಗಾಡಿಯಲ್ಲಿ ರಾಜಕೀಯದ ಜಗಳ ಇಲ್ಲದ ದಿನವಿರಲಿಲ್ಲ. ಎರಡು ಪಕ್ಷದವರೂ ಗಂಟಲು ಹರಿದುಕೊಳ್ಳುತ್ತಿದ್ದರು, ಹಿರೇರು ಶೇಂಗಾ ಸುಲಿಯುತ್ತ ಕೂತಿರುತ್ತಿದ್ದರು. ಇಪ್ಪತ್ತು ಸಲ ಚುನಾವಣೆ ಡ್ಯೂಟಿ ಮಾಡಿದವರು, ನೀವೇ ಹೇಳಿ ಎಂದು ಯಾರಾದರೂ ಕೆಣಕಿದರೆ ಒಂದೇ ಉತ್ತರ: "ಬೂತಿನ್ಯಾಗ ಎಲ್ಲಾರ ಬೆರಳಿಗೂ ಒಂದ ನಮೂನಿ ಮಸಿ ಹಚ್ಚೇನಿ. ಆ ಒಂದ್ ದಿನ ಎಲ್ಲಾರೂ ಸಮ. ಮರುದಿನದಿಂದ ನನ್ನ ಕೇಳಬ್ಯಾಡ್ರಿ."

ಅವರಿಗೆ ಯಾವ ನಿಯಮದ ಮೇಲೂ ನಂಬಿಕೆ ಇರಲಿಲ್ಲ. ಆದರೆ ಇಡೀ ಆಫೀಸಿನಲ್ಲಿ ನಿಯಮಗಳನ್ನು ಪೂರಾ ಓದಿದವರು ಅವರೊಬ್ಬರೇ.

ಒಂದು ಸೋಮವಾರ ಗಾಡಿ ತಡವಾಯಿತು. ಅದೇ ದಿನ, ಹತ್ತೂ ಹತ್ತಕ್ಕೆ, ಒಬ್ಬ ದೊಡ್ಡ ನಾಯಕರು ಹಿಂದೆ ನಾಲ್ಕು ಜನ ಪತ್ರಕರ್ತರನ್ನು ಕಟ್ಟಿಕೊಂಡು ನಮ್ಮ ಆಫೀಸಿನ ಮೆಟ್ಟಿಲು ಹತ್ತಿದರು. ಒಳಗೆ ಇದ್ದವಳು ಅಟೆಂಡರ್ ದ್ಯಾಮವ್ವ ಒಬ್ಬಳೇ. ದ್ಯಾಮವ್ವನೂ ಬ್ಯಾಡಗಿಯವಳೇ. ಗಂಡ ಇದೇ ಆಫೀಸಿನಲ್ಲಿ ಅಟೆಂಡರ್ ಆಗಿದ್ದ, ಅವನು ತೀರಿಕೊಂಡ ಮೇಲೆ ಅನುಕಂಪದ ಆಧಾರದ ಮೇಲೆ ಅವಳಿಗೆ ಕೆಲಸ ಸಿಕ್ಕಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಕೀಲಿ ತೆಗೆದು ಕಸ ಹೊಡೆಯಬೇಕಲ್ಲ, ಅವಳು ಮುಂಜಾನೆಯ ಬಸ್ಸಿಗೆ ಬಂದು ಒಂಬತ್ತಕ್ಕೇ ಇರುತ್ತಿದ್ದಳು. ನಾಯಕರಿಗೆ ನೀರು ಕೊಟ್ಟಳು. ನಾಯಕರು ನೀರು ಕುಡಿದು, ಖಾಲಿ ಕುರ್ಚಿಗಳ ಮಧ್ಯೆ ನಿಂತು ಫೋಟೋ ತೆಗೆಸಿಕೊಂಡು ಹೋದರು.

ಮರುದಿನ ಪತ್ರಿಕೆಯಲ್ಲಿ ಆ ಫೋಟೋ, ಹದಿನೈದು ದಿನಕ್ಕೆ ಮೇಲಿನ ಆಫೀಸಿನಿಂದ ಆದೇಶ: "ಎಲ್ಲ ಅಧಿಕಾರಿ ಮತ್ತು ನೌಕರರು ಕಡ್ಡಾಯವಾಗಿ ಕೇಂದ್ರಸ್ಥಾನದಲ್ಲಿಯೇ ವಾಸವಿರತಕ್ಕದ್ದು." ಅಂದರೆ ಹಾವೇರಿಯಲ್ಲೇ ಮನೆ ಮಾಡಬೇಕು, ವಿಳಾಸ ಬರೆದುಕೊಡಬೇಕು.

ಹಿರೇರು ಅಭ್ಯಾಸದಂತೆ ಕೊನೆಯ ಪುಟ ತೆಗೆದರು. ಇನ್ನೊಮ್ಮೆ ನೋಡಿದರು. ಕಾಗದ ಮಗುಚಿ ಹಿಂದೆಯೂ ನೋಡಿದರು.

"ಏನ್ರಿ ಹಿರೇರಾ?"

"ಯಾರಿಗೂ ಬಿಟ್ಟಿಲ್ಲಲೇ! ಮೂವತ್ತು ವರ್ಷದಾಗ ಇದ ಮೊದಲ್ನೇ ಸಲ ನೋಡಾಕತ್ತೇನಿ. ಖರೇನ ಎಲ್ಲಾರಿಗೂ ಅಂತ ಬರದಾರ." ಒಂದು ಕ್ಷಣ ಯೋಚಿಸಿ, "ಟೈಪ್ ಮಾಡೂ ಮುಂದ ಏನೋ ತಪ್ಪಾಗೇತಿ" ಎಂದರು.

ಆಗ ಹನ್ನೊಂದೂವರೆ. ಕೆಳಗೆ ಜೀಪು ನಿಂತ ಸದ್ದಾಯಿತು. ನಮ್ಮ ಸಾಹೇಬರು ಬಂದರು. ಅವರದು ಧಾರವಾಡದಲ್ಲಿ ಮನೆ, ದಿನಾ ಅಲ್ಲಿಂದಲೇ ಬಂದು ನಾಲ್ಕಕ್ಕೆ ಹೊರಟುಬಿಡುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಯಾರಿಗೂ ದನಿ ಏರಿಸಿ ಮಾತಾಡಿದವರಲ್ಲ. ಆದೇಶವನ್ನು ನಮಗೆಲ್ಲ ಓದಿ ಹೇಳಿ, "ನೋಡ್ರಿ, ಇನ್ಮ್ಯಾಲೆ ಗಾಡಿ ನೆಪ ನಡಿಯೂದಿಲ್ಲ" ಎಂದರು. ಹಿರೇರು ಗೋಡೆಯ ಮೇಲಿನ ಫೋಟೋ ನೋಡುತ್ತ ನಿಂತಿದ್ದರು.

ನಮ್ಮಲ್ಲಿ ಬಸವರಾಜ ಎಂಬ ಚುರುಕು ಗುಮಾಸ್ತನಿದ್ದ. ಎರಡೇ ದಿನದಲ್ಲಿ ಅವನು ಆಫೀಸಿನ ಹಿಂದಿನ ಓಣಿಯಲ್ಲಿ ಶಾಂತವ್ವ ಎನ್ನುವ ಮುದುಕಿಯ ಒಂದು ಕೋಣೆ ಗೊತ್ತು ಮಾಡಿದ. ಅದರೊಳಗೆ ಅವಳ ಶೇಂಗಾ ಚೀಲಗಳಿದ್ದವು. ಚೀಲ ತೆಗೆಯುವುದಿಲ್ಲ ಎಂದು ಅವಳು ಹೇಳಿದಳು, ತೆಗೆಯುವ ಅಗತ್ಯವೂ ಇಲ್ಲ ಎಂದು ನಾವು ಹೇಳಿದೆವು. ಹೊರಗಿನಿಂದ ಬರುವ ಹನ್ನೊಂದು ಜನ ಆ ಕೋಣೆಯ ವಿಳಾಸವನ್ನೇ ಬರೆದುಕೊಟ್ಟೆವು. ಎಂಟು ಗಂಡಸರು, ಮೂವರು ಹೆಣ್ಣುಮಕ್ಕಳು. ನಾನೂ ಹಿಂದೆಮುಂದೆ ನೋಡದೆ ಸಹಿ ಹಾಕಿದೆ ಎಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆ ಕಾಗದಗಳು ಬಂದದ್ದು ಹಿರೇರ ಟೇಬಲಿಗೇ. ಒಂದೊಂದಾಗಿ ನೋಡಿದರು.

"ಬಸವರಾಜಾ, ಬಚ್ಚಲಾ ಎಷ್ಟದಾವೋ?"

"ಒಂದ್ ಐತ್ರಿ."

"ಹಂಗಾರ ಮುಂಜಾನೆ ಮೂರಕ್ಕ ಎದ್ರ ಹತ್ತಕ್ಕ ಆಫೀಸಿಗೆ ಬರಬಹುದು."

"ನೀವೂ ಹೆಸರು ಕೊಡ್ರಿ ಹಿರೇರಾ. ಜಾಗಾ ಐತಿ" ಎಂದ ಬಸವರಾಜ.

"ಅಲ್ಲಪಾ, ನಾ ಬ್ಯಾಡಗ್ಯಾಗ ಇರ್ತೇನಿ. ಬ್ಯಾಡಗಿ ಅಂತನ ಬರೀತೇನಿ" ಎಂದು ಬರೆದು, ಸಹಿ ಮಾಡಿ, ಅದನ್ನೂ ಅದೇ ಕಟ್ಟಿಗೆ ಸೇರಿಸಿದರು. ನಮಗೆ ಬುದ್ಧಿ ಹೇಳಲಿಲ್ಲ. ಹೇಳಿದ್ದರೆ ಬಹುಶಃ ನಮಗೆ ಸುಲಭವಾಗುತ್ತಿತ್ತು, ಜಗಳವಾಡಿ ಮರೆತುಬಿಡುತ್ತಿದ್ದೆವು.

ಇನ್ನೊಂದು ಕಾಗದದಲ್ಲೂ "ಬ್ಯಾಡಗಿ" ಎಂದಿತ್ತು. ಅದು ದ್ಯಾಮವ್ವನದು. ಕೋಣೆಯ ವಿಷಯವನ್ನು ನಾವು ಯಾರೂ ಅವಳಿಗೆ ಹೇಳಿಯೇ ಇರಲಿಲ್ಲ. ಮುಚ್ಚಿಡಬೇಕೆಂದಲ್ಲ, ಅವಳು ನೆನಪಿಗೇ ಬಂದಿರಲಿಲ್ಲ.

ಪರಿಶೀಲನೆಗೆ ಮೇಲಿನ ಆಫೀಸಿನಿಂದ ಒಬ್ಬರು ಬಂದು ಶಾಂತವ್ವನ ಮನೆಯ ಕಟ್ಟೆಯ ಮೇಲೆ ಕೂತು ವಿಚಾರಿಸಿದರು. ಬಸವರಾಜ ಮೊದಲೇ ಅವಳಿಗೆ ಪಾಠ ಹೇಳಿಕೊಟ್ಟಿದ್ದ.

"ಹನ್ನೊಂದೂ ಮಂದಿ ಇಲ್ಲೇ ಇರ್ತಾರಪ್ಪಾ," ಎಂದಳು ಶಾಂತವ್ವ. "ಭಾಳ ಸಂಭಾವಿತ ಮಂದಿ. ಒಂದ್ ಸಪ್ಪಳಿಲ್ಲ, ಒಂದ್ ಮಾತಿಲ್ಲ. ಅದಾರೋ ಇಲ್ಲೋ ಅನ್ನೂದ ಗೊತ್ತಾಗೂದಿಲ್ಲ ನೋಡು."

ಅವರು ಚಾ ಕುಡಿದು "ವಾಸವಿರುವುದು ದೃಢಪಟ್ಟಿದೆ" ಎಂದು ಬರೆದುಕೊಂಡು ಹೋದರು.

ದೃಢಪಟ್ಟ ಸುದ್ದಿ ನಮ್ಮ ಅಪ್ಪನ ಕಿವಿಯವರೆಗೂ ಹೋಯಿತು. ಹಾವೇರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸಂಬಂಧಿಕರೊಬ್ಬರು ರಾಣೇಬೆನ್ನೂರಿಗೆ ಬಂದವರು, "ನಿಮ್ಮ ಮಗಳು ಎಂಟು ಮಂದಿ ಗಂಡಸರ ಜತಿ ಒಂದ ಕೋಣ್ಯಾಗ ಇರ್ತಾಳಂತಲ್ರಿ" ಎಂದುಬಿಟ್ಟಿದ್ದರು. ನಾನು ದಿನಾ ಸಂಜೆ ಮನೆಗೆ ಬಂದು ಅಪ್ಪನ ಎದುರಿಗೇ ಉಣ್ಣುತ್ತಿದ್ದರೂ ಅಪ್ಪನಿಗೆ ತಡೆಯಲಿಲ್ಲ. ಮರುದಿನ ನನ್ನ ಹಿಂದೆಯೇ ಗಾಡಿ ಹತ್ತಿ, ಆಫೀಸಿಗೆ ಬಂದು ಹಿರೇರ ಎದುರು ಕೂತರು. ಎಲ್ಲ ಕೇಳಿಕೊಂಡ ಹಿರೇರು ಹೇಳಿದರು:

"ನಿಮ್ಮ ಮಗಳು ಅಲ್ಲಿ ಇಲ್ಲಂತ ನಾ ಬರದು ಕೊಡ್ತೇನ್ರಿ. ಅಲ್ಲೇ ಇರ್ತೇನಂತ ಆಕೀನ ಬರದು ಕೊಟ್ಟಾಳ. ನಿಮಗ ಯಾವ್ದು ಬೇಕು? ಸರ್ಕಾರ ಅಂತೂ ಆಕೀದನ್ನ ನಂಬೇತಿ."

ಅಪ್ಪ ಕೋಣೆ ನೋಡಿಬರಲು ಹೋದರು. ಕಿಟಕಿಯಲ್ಲಿ ಇಣುಕಿ ಶೇಂಗಾ ಚೀಲಗಳನ್ನು ನೋಡಿ, ಓಣಿಯಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನನಗೆ ಮಾತ್ರ ಸಂಜೆಯವರೆಗೆ ತಲೆ ಎತ್ತಲಾಗಲಿಲ್ಲ.

ಒಂದು ತಿಂಗಳಿಗೆ ನೋಟೀಸು ಬಂತು. ನಿಯಮ ಮೀರಿದ್ದೇಕೆ, ಏಳು ದಿನದೊಳಗೆ ಉತ್ತರ ಕೊಡಿ, ಇಲ್ಲದಿದ್ದರೆ ಶಿಸ್ತುಕ್ರಮ. ಬಂದದ್ದು ಎರಡೇ: ಹಿರೇರಿಗೊಂದು, ದ್ಯಾಮವ್ವನಿಗೊಂದು. ನಾಯಕರು ಬಂದ ದಿನ ಆಫೀಸಿನಲ್ಲಿದ್ದ ಒಬ್ಬಳೇ ಒಬ್ಬಳಿಗೆ.

ದ್ಯಾಮವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ನನ್ನ ಹತ್ತಿರ ಓದಿಸಿದಳು. ಕಾಯಂ ಆಗುವ ಮೊದಲೇ ಶಿಸ್ತುಕ್ರಮ ಆದರೆ ಕೆಲಸ ಹೋಗುತ್ತದೆ. ನಾನು ಓದಿ ಮುಗಿಸಿದ ಕೂಡಲೇ, "ನಾ ಎಲ್ಲಿ ಇರಬೇಕಿತ್ತ್ರೀ ಅಕ್ಕಾರ?" ಎಂದು ಕೇಳಿದಳು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಬ್ಯಾಡಗಿ ಶಾಲೆಯಲ್ಲಿ ಓದುವ ಇಬ್ಬರು ಹೆಣ್ಣುಮಕ್ಕಳು. "ಹಿರೇರ ಕಡೆ ಹೋಗೂಣು ಬಾ" ಎಂದೆ.

ಹಿರೇರು ತಮ್ಮ ನೋಟೀಸನ್ನು ಆಗಲೇ ಮಡಚಿ ಟೇಬಲಿನ ಕಾಲು ಅಲುಗಾಡದಂತೆ ಕೆಳಗೆ ಸೇರಿಸಿದ್ದರು. ದ್ಯಾಮವ್ವನದನ್ನು ಮಾತ್ರ ಎರಡು ಸಲ ಓದಿದರು. ಆಮೇಲೆ ಮೂಲ ಆದೇಶ ತೆಗೆಸಿದರು. ನೋಟೀಸಿನ ಮೇಲೆ ಕ್ರಮ ಆಗಬೇಕಾದರೆ ಆಫೀಸಿನ ಪೂರ್ಣ ಪಟ್ಟಿ ಸಾಹೇಬರ ಸಹಿಯೊಂದಿಗೆ ಮೇಲೆ ಹೋಗಬೇಕು ಎಂದು ಅದರಲ್ಲಿತ್ತು. "ಎಲ್ಲ ಅಧಿಕಾರಿ ಮತ್ತು ನೌಕರರ" ಪಟ್ಟಿ. ಹಿರೇರು ಕನ್ನಡಕ ಇಳಿಸಿ ಟೈಪ್‌ರೈಟರ್ ಮುಂದೆ ಕೂತರು.

ಸಹಿಗೆ ಹೋದಾಗ ಕಡತಗಳನ್ನು ಹೊತ್ತುಕೊಂಡು ನಾನೂ ಹಿಂದೆ ಹೋಗಿದ್ದೆ. ಸಾಹೇಬರು ಪೆನ್ನು ತೆಗೆದವರು ಹಾಗೇ ನಿಂತರು. ಕ್ರಮಸಂಖ್ಯೆ ಒಂದರಲ್ಲಿ ಅವರ ಹೆಸರಿತ್ತು. ವಾಸದ ಸ್ಥಳ: ಧಾರವಾಡ.

"ಇದೇನಿದು?"

"ಎಲ್ಲ ಅಧಿಕಾರಿ ಮತ್ತು ನೌಕರರು ಅಂತ ಐತ್ರಿ. ಅಧಿಕಾರಿ ಅಂದ್ರ ನೀವು ಒಬ್ಬರ ಅದೀರಿ."

"ನನ್ನ ಮಕ್ಕಳ ಸಾಲಿ ಧಾರವಾಡದಾಗ ಐತಿ. ನಿಮಗ ಗೊತ್ತಿಲ್ಲೇನು?"

"ಗೊತ್ತೈತ್ರಿ ಸಾಹೇಬ್ರ. ದ್ಯಾಮವ್ವನ ಮಕ್ಕಳೂ ಸಾಲೀಗೇ ಹೋಗ್ತಾವ್ರಿ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. "ನನ್ನ ಹೆಸರು ತಗೀರಿ."

"ತಗೀತೇನ್ರಿ. ತಗೀರಂತ ಮಗ್ಗಲದಾಗ ಒಂದ್ ಸಾಲು ಬರದು ಸಹಿ ಹಾಕ್ರಿ."

ಅದನ್ನು ಯಾರು ಬರೆಯುತ್ತಾರೆ! "ಹಂಗಾರ ಹಾವೇರಿ ಅಂತ ಬರೀರಿ" ಎಂದರು ಸಾಹೇಬರು.

"ಮನಿ ನಂಬರ್ ಬೇಕ್ರಿ." ಹಿರೇರು ಗಂಭೀರವಾಗಿ ತಲೆ ಕೆರೆದುಕೊಂಡರು. "ನಮ್ಮ ಮಂದಿ ಇರೂ ಕೋಣ್ಯಾಗ ಇನ್ನೊಬ್ರಿಗೆ ಜಾಗಾ ಐತಂತ್ರಿ. ಬಸವರಾಜನ್ನ ಕೇಳ್ಲೇನ್ರಿ?"

ನನಗೆ ನಗು ಒತ್ತಿಕೊಂಡು ಬಂತು. ಸಾಹೇಬರು ಅದನ್ನು ಕಂಡುಬಿಟ್ಟರು. ನನ್ನ ಕಡೆ ತಿರುಗಿ, ಮೆಲ್ಲಗೆ, "ಏನವಾ, ನೀ ಎಲ್ಲಿ ಇರ್ತಿ?" ಎಂದರು.

ನನ್ನ ನಗು ಅಲ್ಲೇ ಸತ್ತಿತು. ರಾಣೇಬೆನ್ನೂರು ಎಂದರೆ ನಾನು ಬರೆದುಕೊಟ್ಟದ್ದು ಸುಳ್ಳಾಗುತ್ತದೆ, ನೋಟೀಸು ಬರುತ್ತದೆ. ಆದರೆ ಹಿರೇರ ಪಕ್ಕಕ್ಕೆ ಇನ್ನೊಬ್ಬಳು ನಿಂತಂತಾಗುತ್ತದೆ. ಅಷ್ಟೆಲ್ಲ ಯೋಚಿಸಿದೆ. ಯೋಚಿಸಿ, "ಹಾವೇರ್ಯಾಗ್ರಿ ಸರ್" ಎಂದೆ.

ಹಿರೇರು ನನ್ನ ಕಡೆ ನೋಡಲಿಲ್ಲ. ಪಟ್ಟಿಯನ್ನು ಸಾಹೇಬರ ಟೇಬಲಿನ ಮೇಲೆ ನೇರವಾಗಿ ಇಟ್ಟು, "ಇಲ್ಲೇ ಇಟ್ಟಿರ್ತೇನ್ರಿ, ಪುರುಸೊತ್ತಾದಾಗ ನೋಡ್ರಿ" ಎಂದು ಹೊರಬಂದರು.

ಸಾಹೇಬರಿಗೆ ಪುರುಸೊತ್ತಾಗಲೇ ಇಲ್ಲ. ಪಟ್ಟಿ ಅವರ ಡ್ರಾಯರ್ ಸೇರಿತು. ಪಟ್ಟಿ ಹೋಗದೆ ನೋಟೀಸಿನ ಮೇಲೆ ಕ್ರಮವಿಲ್ಲ, ಹೀಗಾಗಿ ಎರಡೂ ನೋಟೀಸು ನಿಂತಲ್ಲೇ ನಿಂತವು. ಮೇಲಿನವರು ಎರಡು ಸಲ ಜ್ಞಾಪನ ಕಳಿಸಿ ಸುಮ್ಮನಾದರು. ನಾಯಕರಂತೂ ಬೆಂಗಳೂರಿಗೆ ಹೋದವರು ಈ ಕಡೆ ತಲೆಹಾಕಲಿಲ್ಲ. ಆರೆಂಟು ತಿಂಗಳಿಗೆ ದ್ಯಾಮವ್ವನ ಕೆಲಸ ಕಾಯಂ ಆಯಿತು. ಅವಳು ಎಲ್ಲರಿಗೂ ಪೇಡೆ ಹಂಚಿದಳು, ಸಾಹೇಬರಿಗೂ.

ಆ ವರ್ಷದ ವರ್ಗಾವಣೆಯಲ್ಲಿ ಹಿರೇರ ಹೆಸರು ಬಂತು. ಹಿರೇಕೆರೂರಿಗೆ. ನಿವೃತ್ತಿ ಹತ್ತಿರವಿದ್ದವರನ್ನು ಕದಲಿಸಬಾರದೆಂಬ ನಿಯಮವೇನೋ ಇತ್ತು. ಅದರ ಕೊನೆಯಲ್ಲಿ "ಆಡಳಿತಾತ್ಮಕ ಕಾರಣಗಳನ್ನು ಹೊರತುಪಡಿಸಿ" ಎಂದೂ ಇತ್ತು. ಹಿರೇರು ಆ ಸಾಲಿನ ಮೇಲೆ ಬೆರಳಿಟ್ಟು ನಮಗೆಲ್ಲ ತೋರಿಸಿದರು. "ನೋಡ್ರಿ, ಕಡೀಕೂ ಕಡೀ ಪುಟದಾಗ ನಾ ಬಂದೆ."

ಹಿರೇಕೆರೂರಿಗೆ ರೈಲಿಲ್ಲ. ದಿನಾ ಬಸ್ಸಿನಲ್ಲಿ ಓಡಾಡಲು ಅವರ ಸೊಂಟ ಒಪ್ಪಲಿಲ್ಲ. ಅಲ್ಲೇ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ನನಗೆ ಗೊತ್ತಿದ್ದಷ್ಟು ಮಟ್ಟಿಗೆ, ಆ ಆದೇಶವನ್ನು ಖರೇಖರೇ ಪಾಲಿಸಿದವರು ಅವರೊಬ್ಬರೇ.

ಒಂದು ಭಾನುವಾರ ನಾನೂ ದ್ಯಾಮವ್ವನೂ ರೊಟ್ಟಿ ಕಟ್ಟಿಕೊಂಡು ನೋಡಲು ಹೋದೆವು. ಹಿರೇರು ಬಾಗಿಲಲ್ಲಿ ಕೂತು ಸುಟ್ಟ ಪಾತ್ರೆ ತಿಕ್ಕುತ್ತಿದ್ದರು. ನಮ್ಮನ್ನು ಕಂಡು, "ಬರ್ರಿ ಬರ್ರಿ, ಕೇಂದ್ರಸ್ಥಾನ ನೋಡ್ರಿ" ಎಂದರು. ದ್ಯಾಮವ್ವ ಅವರ ಕೈಯಿಂದ ಪಾತ್ರೆ ಕಿತ್ತುಕೊಂಡು ನೀರಿನ ಕಡೆ ಹೋದಳು. ಅಷ್ಟೇ ಹೊತ್ತಿನಲ್ಲಿ ನಾನು ಹೇಳಿದೆ:

"ಹಿರೇರಾ, ಅವತ್ತು ಸಾಹೇಬ್ರ ಮುಂದ ನಾ ಸುಳ್ಳು ಹೇಳಿದೆ."

"ಹೌದು ಹೇಳಿದಿ."

"ತಪ್ಪಾತ್ರಿ."

"ತಪ್ಪಾತು ಖರೇ." ಅವರು ಕೈ ಒರೆಸಿಕೊಂಡರು. "ನೀ ಖರೇ ಹೇಳಿದ್ದಿ ಅಂದ್ರ ಹನ್ನೊಂದೂ ಮಂದಿ ನೋಟೀಸಿಗೆ ನಾನ ಉತ್ತರ ಟೈಪ್ ಮಾಡಬೇಕಾಕ್ಕಿತ್ತು. ನನ್ನ ಬೆರಳು ಉಳಿಸಿದಿ, ಹೋಗ್ಲಿ ಬಿಡು." ರೊಟ್ಟಿಯ ಗಂಟು ತೆಗೆದುಕೊಳ್ಳುತ್ತ, "ಇನ್ನೊಮ್ಮೆ ಯಾರಾರ ಕೇಳಿದ್ರ ಲಗೂ ಹೇಳಿಬಿಡು. ಯೋಚನಿ ಮಾಡಿದ್ರ ಹಾವೇರಿನ ಬಾಯಾಗ ಬರ್ತೈತಿ" ಎಂದರು. ಅದಕ್ಕಿಂತ ಹೆಚ್ಚು ಅವರು ನನ್ನನ್ನು ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ.

ನಿವೃತ್ತಿಯ ದಿನ ಹಿರೇಕೆರೂರಿನಲ್ಲಿ ಸಣ್ಣ ಸಮಾರಂಭ. ಅಲ್ಲಿಯ ಹೊಸ ಅಧಿಕಾರಿಗೆ ಹಳೆಯ ಕತೆ ಗೊತ್ತಿರಲಿಲ್ಲ. "ಇಂಥ ನೌಕರರು ಅಪರೂಪ. ಈ ವಯಸ್ಸಿನಲ್ಲೂ ಕೇಂದ್ರಸ್ಥಾನದಲ್ಲೇ ವಾಸವಿದ್ದರು" ಎಂದು ಮನಸಾರೆ ಹೊಗಳಿ ಶಾಲು ಹೊದಿಸಿದರು. ಹಿರೇರು ಉತ್ತರ ಕೊಡಲು ಎದ್ದರು. "ಸಾಹೇಬ್ರು ಹೇಳಿದ್ದು ಖರೇ ಐತಿ. ನನ್ನ ಇಲ್ಲಿ ತಂದು ಇಟ್ಟಿದ್ರು, ಅದಕ್ಕ ಇಲ್ಲೇ ಇದ್ದೆ. ಇವತ್ತು ಬಿಟ್ಟಾರ, ಮನೀಗೆ ಹೋಗ್ತೇನಿ." ಎಲ್ಲರೂ ಚಪ್ಪಾಳೆ ತಟ್ಟಿದರು.

ಸಂಜೆ ಬ್ಯಾಡಗಿಯ ಬಸ್ಸು. ಅವರು, ದ್ಯಾಮವ್ವ, ನಾನು. ಸಾಮಾನೆಂದರೆ ಒಂದು ಟ್ರಂಕು, ಒಂದು ಗಾದಿಯ ಸುರುಳಿ. ಕಂಡಕ್ಟರ್ ಬಂದವನು ಶಾಲು, ಹಾರ ನೋಡಿ ನಕ್ಕು, "ರಿಟೈರ್ ಆದ್ರೇನ್ರಿ ಯಜಮಾನ್ರ? ಗಾದಿಗೆ ಲಗೇಜ್ ಟಿಕೀಟ ಬೇಕಾಕ್ಕೈತಿ, ಇರ್ಲಿ ಬಿಡ್ರಿ" ಎಂದ.

"ನಿಯಮ ಐತೇನು?"

"ಐತ್ರಿ. ಆದ್ರ ನಿಮಗ ಇರ್ಲಿ ಬಿಡ್ರಿ."

ಹಿರೇರು ಮುಂದಿನ ಸೀಟಿನ ಕಡೆ ಬೆರಳು ತೋರಿಸಿದರು. ದಾರಿಗೆ ಅಡ್ಡವಾಗಿ ಎರಡು ದೊಡ್ಡ ಚೀಲ ಬಿದ್ದಿದ್ದವು. ಅವುಗಳ ಮೇಲೆ ಕಾಲು ಚಾಚಿ, ಬಿಳಿ ಬಟ್ಟೆಯ ಒಬ್ಬ ಯಾವುದೋ ನಾಯಕರ ಹೆಸರು ಹೇಳುತ್ತ ಮೊಬೈಲಿನಲ್ಲಿ ಜೋರಾಗಿ ಮಾತಾಡುತ್ತಿದ್ದ.

"ಅವಕ್ಕ ತಗೊಂಡೀಯೇನು?"

ಕಂಡಕ್ಟರ್ ದನಿ ತಗ್ಗಿಸಿದ. "ಅವರು ಪಾರ್ಟಿ ಮಂದಿ ಅದಾರ್ರಿ."

"ಹಂಗಾರ ನನ್ನ ಗಾದೀಗೆ ಟಿಕೀಟ ಹರಿ" ಎಂದು ಹಿರೇರು ಬಸ್ಸಿಗೆಲ್ಲ ಕೇಳುವಂತೆ ಹೇಳಿದರು. "ಹರಿದ ಮ್ಯಾಲೆ ಅಲ್ಲಿ ಹೋಗಿ, ಗಾದೀಗೆ ತಗೊಂಡೇನಿ, ಚೀಲಕ್ಕೂ ಕೊಡ್ರಿ ಅನ್ನು. ನನ್ನ ಹೆಸರು ಹೇಳು. ನಾ ಇವತ್ತ ರಿಟೈರ್ ಆಗೇನಿ, ನನ್ನ ಎಲ್ಲಿಗೂ ವರ್ಗಾ ಮಾಡಾಕ ಬರೂದಿಲ್ಲ."

ಬಸ್ಸಿನಲ್ಲಿ ಯಾರೋ ನಕ್ಕರು. ಆಮೇಲೆ ಇನ್ನೂ ಕೆಲವರು. ಕಂಡಕ್ಟರ್ ಗಾದಿಗೆ ಟಿಕೀಟು ಹರಿದ, ಕಿವಿ ಕೆಂಪು ಮಾಡಿಕೊಂಡು ಮುಂದೆ ಹೋಗಿ ನಿಂತ. ಬಿಳಿ ಬಟ್ಟೆಯವನು ಹಿಂದೆ ತಿರುಗಿ ನೋಡಿದ. ಇಡೀ ಬಸ್ಸು ಅವನನ್ನೇ ನೋಡುತ್ತಿತ್ತು. ಫೋನು ಕಿವಿಯಿಂದ ತೆಗೆದು, ಗೊಣಗುತ್ತ ಕಿಸೆಗೆ ಕೈ ಹಾಕಿದ.

"ಎರಡಕ್ಕೂ ಹರದಾ ನೋಡ್ರೀ ಅಕ್ಕಾರ" ಎಂದು ದ್ಯಾಮವ್ವ ನನ್ನ ಮೊಣಕೈ ಹಿಡಿದು ಅಲುಗಿಸಿದಳು. ಹಿರೇರಿಗೂ ಹೇಳೋಣವೆಂದು ತಿರುಗಿದೆ. ಅವರು ಆಗಲೇ ಗಾದಿಯ ಸುರುಳಿಗೆ ತಲೆಯಿಟ್ಟು, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದರು. ಬ್ಯಾಡಗಿ ಬರುವವರೆಗೆ ನಾವು ಅವರನ್ನು ಎಬ್ಬಿಸಲಿಲ್ಲ.